ಮೊದಲ ಮೆಟಲ್ ಶೋಗೆ ಹೊರಟ ದೋಸ್ತನಿಗೆ

ದೋಸ್ತಾ,

ಬೆಂಗಳೂರಲ್ಲಿ ಕೂತು ಬಳ್ಳಾರಿಯಲ್ಲಿರುವ ನನ್ನನ್ನು ಕೇಳುತ್ತೀಯಲ್ಲ, ಹೆವಿ ಮೆಟಲ್ ಸಂಗೀತದ ಶೋಗೆ ಏನು ಹಾಕಿಕೊಂಡು ಹೋಗಲಿ ಅಂತ! ಕೇಳಿದ್ದು ಒಳ್ಳೆಯದೇ ಆಯಿತು. ಆನ್‌ಲೈನ್‌ನಲ್ಲಿ ಆರಿಸಿಟ್ಟಿರುವ ಲೆದರ್ ಜಾಕೆಟ್, ಮೊಳೆ ಹೊಡೆದ ಬೆಲ್ಟ್, ಸೊಂಟದ ಚೈನು, ಎಲ್ಲ ತೆಗೆದುಹಾಕು. ಮೊಳೆ, ಚೈನು ನೋಡಿದರೆ ಸೆಕ್ಯುರಿಟಿಯವರು ಗೇಟಿನಲ್ಲೇ ಬಿಚ್ಚಿಸುವುದುಂಟು. ಒಳಗೆ ಬಿಟ್ಟರೂ ನೂಕುನುಗ್ಗಲಲ್ಲಿ ಪಕ್ಕದವನಿಗೆ ಚುಚ್ಚುತ್ತದೆ.

ಆ ವೇಷ ಬಂದದ್ದು ಸ್ಟೇಜಿನಿಂದ. ಎಪ್ಪತ್ತರ ದಶಕದ ಕೊನೆಯಲ್ಲಿ ಜೂಡಾಸ್ ಪ್ರೀಸ್ಟ್ ಬ್ಯಾಂಡಿನ ಗಾಯಕ ರಾಬ್ ಹಾಲ್‌ಫರ್ಡ್ ಲೆದರ್ ತೊಟ್ಟ ಮೇಲೆ ಅದು ಮೆಟಲ್‌ನ ಗುರುತಾಯಿತು. ಅವನು ಬೈಕ್ ಮೇಲೆ ಕೂತು ಸ್ಟೇಜಿಗೆ ಬರುವ ಆಸಾಮಿ, ಅವನಿಗೆ ಒಪ್ಪುತ್ತದೆ. ಮೇ ತಿಂಗಳಲ್ಲಿ ಬಳ್ಳಾರಿಯ ರಾಯಲ್ ಸರ್ಕಲ್ ದಾಟುವಷ್ಟರಲ್ಲಿ ಬನಿಯನ್ ಒದ್ದೆಯಾಗುವ ನಮಗೆ ಯಾಕೆ ಹೇಳು?

ಕಪ್ಪು ಟೀ ಶರ್ಟ್ ಸಾಕು. ಬ್ಯಾಂಡಿನ ಹೆಸರು ಇರಲೇಬೇಕು ಅಂತಿಲ್ಲ. ಇದ್ದರೆ ನೀನು ನಿಜವಾಗಿ ಕೇಳುವ ಬ್ಯಾಂಡಿನದೇ ಇರಲಿ. ಎದೆ ಮೇಲೆ ಐರನ್ ಮೇಡನ್ ಬ್ಯಾಂಡಿನ ಗುರುತಾದ ಭೂತದಂಥ ಎಡ್ಡಿಯ ಚಿತ್ರ ಇದ್ದರೆ, ಗುರುತಿಲ್ಲದವರೂ ಬಂದು 'ಯಾವ ಆಲ್ಬಂ ಇಷ್ಟ?' ಅಂತ ಶುರು ಮಾಡುತ್ತಾರೆ. ಪರೀಕ್ಷೆ ಮಾಡುವವರೂ ಇರುತ್ತಾರೆ, ಇಲ್ಲ ಅನ್ನುವುದಿಲ್ಲ. 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಮೇಡನ್ ಬಂದಾಗ ಇದ್ದೆ, 2011ರಲ್ಲಿ ಮೆಟಾಲಿಕಾ ಬ್ಯಾಂಡ್ ಬಂದಾಗಲೂ ಇದ್ದೆ ಅನ್ನುವ ಹಿರಿಯರು. ಅವರ ಟೀ ಶರ್ಟು ಮಾಸಿ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. 'ಈಗಷ್ಟೇ ಕೇಳೋಕೆ ಶುರು ಮಾಡಿದ್ದೇನೆ ಅಣ್ಣಾ' ಅಂದುಬಿಡು. ಖುಷಿಯಾಗಿ ಪಾಠಕ್ಕೆ ಕೂರುತ್ತಾರೆ.

ಎಲ್ಲರ ಹಾಗೆ ಕಾಣಬೇಕು ಅನ್ನುವ ಆಸೆಗೆ ನಾಚಿಕೊಂಡು ಬರೆದಿದ್ದೀಯ. ನಾಚಿಕೆ ಯಾಕೆ? 'ನಿನ್ನಿಷ್ಟ ಬಂದ ಹಾಗೆ ಬಾ' ಅಂತ ಬುದ್ಧಿ ಹೇಳುವವರೇ ಅಲ್ಲಿ ಅಡಿಯಿಂದ ಮುಡಿಯವರೆಗೆ ಕಪ್ಪು ತೊಟ್ಟಿರುತ್ತಾರೆ! ಮೊಹರಂನಲ್ಲಿ ಹುಲಿವೇಷದವನನ್ನು ನೀನು ನಿಜವಾದ ಹುಲಿಯಾ ಅಂತ ಯಾರೂ ಕೇಳುವುದಿಲ್ಲ. ಹಲಗೆಗೆ ಹೆಜ್ಜೆ ಬೀಳುತ್ತದಾ ಅಂತ ನೋಡುತ್ತಾರೆ, ಅಷ್ಟೇ.

ಇನ್ನು ನೀನು ಫೋಟೋ ಕಳಿಸಿದ ಬ್ಯಾಟಲ್ ಜಾಕೆಟ್. ತೋಳು ಕತ್ತರಿಸಿದ ಡೆನಿಮ್, ಬೆನ್ನಿಗೆ ಬ್ಯಾಂಡಿನ ಹೆಸರಿರುವ ಬಟ್ಟೆಯ ದೊಡ್ಡ ತುಂಡು, ಅಂದರೆ ಪ್ಯಾಚ್, ಸುತ್ತ ಚಿಕ್ಕವು. ಪ್ಯಾಚ್ ಹಾಕಿಯೇ ಮಾರುವ ರೆಡಿಮೇಡ್ ಮಾತ್ರ ಕೊಳ್ಳಬೇಡ, ಕೈ ಮುಗಿಯುತ್ತೇನೆ. ಬಳ್ಳಾರಿಯವನಾಗಿ ಜೀನ್ಸ್ ಹೊರಗಿಂದ ತರಿಸುತ್ತೀಯಾ? ಇಲ್ಲಿ ಮನೆಗಳಲ್ಲೇ ಮಷಿನ್ ಇಟ್ಟುಕೊಂಡು ಜೀನ್ಸ್ ಹೊಲಿಯುವವರು ಎಷ್ಟು ಜನ ಬೇಕು! ನಾನೇ ಹೇಳಿ ಹೊಲಿಸುತ್ತೇನೆ.

ಪ್ಯಾಚ್‌ಗೆ ಇಸ್ತ್ರಿ ಹಾಕಿ ಅಂಟಿಸುವ ಗಮ್ ನಂಬಬೇಡ. ನಾಲ್ಕು ಸಲ ಒಗೆದರೆ ಅಂಚು ಏಳುತ್ತದೆ. ಮಷಿನ್‌ಗೆ 16ನೇ ನಂಬರ್ ಸೂಜಿ, ದಪ್ಪ ದಾರ ಬೇಕು. ಜೇಬಿನ ಮೇಲೆ ಬರುವುದನ್ನು ಮಾತ್ರ ಕೈಯಲ್ಲೇ ಹೊಲಿ. ಮಷಿನ್‌ಗೆ ಕೊಟ್ಟರೆ ಜೇಬಿನ ಬಾಯೂ ಹೊಲಿದುಹೋಗುತ್ತದೆ. ಸ್ಟೋನ್ ವಾಶ್ ಕೊಡಿಸುವುದಿಲ್ಲ, ಈಗಲೇ ಹೇಳಿರುತ್ತೇನೆ. ಹೊಸ ಬಟ್ಟೆಯನ್ನು ಕಲ್ಲಿನ ಜೊತೆ ತಿರುಗಿಸಿ ಹಳೆಯದು ಮಾಡುವುದು ನಮ್ಮೂರಿನ ಹೊಟ್ಟೆಪಾಡು, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಈ ಜಾಕೆಟ್ ನಿನ್ನ ಮೈಮೇಲೇ ಮಾಸಲಿ.

ಪ್ಯಾಚ್‌ಗಳನ್ನೂ ಒಂದೇ ದಿನ ತುಂಬಿಸಬೇಡ. ನೋಡಿದ ಶೋಗೆ ಒಂದರಂತೆ ಸೇರಿಸುತ್ತಾ ಹೋಗು. ಕ್ರಿಪ್ಟೋಸ್ 1998ರಿಂದ ನುಡಿಸುತ್ತಿರುವ ಬೆಂಗಳೂರಿನದೇ ಬ್ಯಾಂಡು, ಅವರದು ಸಿಕ್ಕರೆ ಬಿಡಬೇಡ. ಬ್ಯಾಂಡಿನವರೇ ಟೇಬಲ್ ಹಾಕಿ ಮಾರುತ್ತಿದ್ದರೆ ಅಲ್ಲೇ ತಗೋ, ದುಡ್ಡು ನೇರ ಅವರ ಕೈಗೆ ಹೋಗುತ್ತದೆ.

ಕಾಲಿಗೆ ಲೇಸ್ ಬಿಗಿದ ಶೂ. ಚಪ್ಪಲಿಯಲ್ಲಿ ಹೋದರೆ ಒಂಟಿ ಚಪ್ಪಲಿಯಲ್ಲಿ ವಾಪಸ್ ಬರುತ್ತೀಯ. ಕಿವಿಗೆ ಇಯರ್‌ಪ್ಲಗ್ ಇರಲಿ, ಅದು ಯಾರಿಗೂ ಕಾಣುವುದಿಲ್ಲ.

ಎದೆ ಮತ್ತು ಭುಜದ ಅಳತೆ ಇವತ್ತೇ ಕಳಿಸು. ತೋಳಿನದು ಬೇಡ, ಹೇಗೂ ಕತ್ತರಿಸುತ್ತೇವೆ.

ನಿನ್ನ ದೋಸ್ತ