ಭಾನುವಾರ ಫ್ಲಾಪಿ ಡ್ರೈವ್ ಜೊತೆ ಬನ್ನಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ಕ್ಕೆ ಎಂದಿನ ಜಾಗದಲ್ಲೇ ಸೇರುತ್ತೇವೆ. ಗ್ರೀಸ್‌ವೀಝಲ್ ಬೋರ್ಡ್‌ಗೆ (ಹಳೇ ಫ್ಲಾಪಿ ಡ್ರೈವನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸಿ ಡಿಸ್ಕ್ ಓದಿಸುವ ಬೋರ್ಡ್) ಹೆಸರು ಕೊಟ್ಟವರು ತಪ್ಪದೆ ಬನ್ನಿ, ಬೆಸುಗೆ ಕೆಲಸ ಮುಗಿದಿದೆ, ಇನ್ನು ಫರ್ಮ್‌ವೇರ್ (ಬೋರ್ಡನ್ನು ನಡೆಸುವ ಸಾಫ್ಟ್‌ವೇರ್) ಹಾಕಿ ಅವರವರ ಡ್ರೈವ್‌ಗೆ ಜೋಡಿಸಿ ನೋಡುವುದಷ್ಟೇ ಬಾಕಿ.

ಡ್ರೈವ್, 34 ಪಿನ್ನಿನ ರಿಬ್ಬನ್ ಕೇಬಲ್, ಲ್ಯಾಪ್‌ಟಾಪ್ ತನ್ನಿ. 5.25 ಇಂಚಿನ ಡ್ರೈವ್ ಇರುವವರು ಗಮನಿಸಿ: ಅದಕ್ಕೆ 5 ವೋಲ್ಟ್ ಜೊತೆ 12 ವೋಲ್ಟ್ ಕೂಡ ಬೇಕು, ಬರೀ ಯುಎಸ್‌ಬಿಯಿಂದ ಆಗುವ ಕೆಲಸ ಅಲ್ಲ, ಹಳೇ ಪಿಸಿಯ ಎಸ್‌ಎಂಪಿಎಸ್ (ಪವರ್ ಸಪ್ಲೈ ಡಬ್ಬಿ) ಇದ್ದರೆ ಹೊತ್ತು ತನ್ನಿ.

ಬರುವ ಮೊದಲು ಡ್ರೈವಿನ ಹೆಡ್ಡನ್ನು (ಡಿಸ್ಕ್ ಓದುವ ಭಾಗ) ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಬೂಷ್ಟು ಹಿಡಿದ ಡಿಸ್ಕನ್ನು ದಯವಿಟ್ಟು ಯಾರ ಡ್ರೈವಿಗೂ ಹಾಕಬೇಡಿ, ಅಂಥದ್ದು ಒಂದು ಸಾಕು, ಹೆಡ್ ಗಲೀಜಾಗಿ ಆಮೇಲೆ ಹಾಕುವ ಒಳ್ಳೇ ಡಿಸ್ಕಿಗೂ ಗೀರು ಬೀಳುತ್ತದೆ. 3.5 ಇಂಚಿನ ಡಿಸ್ಕ್ ಆದರೆ ಮೂಲೆಯ ಕಿಂಡಿ ತೆರೆದಿಡಿ, ಆಗ ತಪ್ಪಿ ಏನಾದರೂ ಬರೆದುಹೋಗುವ ಭಯ ಇಲ್ಲ.

ಡ್ರೈವೇ ಕೆಟ್ಟಿದ್ದರೆ ಅದರ ಜಾಗದಲ್ಲಿ ಕೂರಿಸುವ ಗೋಟೆಕ್ ಎಂಬ ಸಾಧನ ಇದೆ. ಅದಕ್ಕೆ ಫ್ಲ್ಯಾಶ್‌ಫ್ಲಾಪಿ ಎಂಬ ಫರ್ಮ್‌ವೇರ್ ಹಾಕಿದರೆ ಪೆನ್‌ಡ್ರೈವ್‌ನಲ್ಲೇ ಕೆಲಸ ಆಗುತ್ತದೆ, ಆದರೂ ಡ್ರೈವ್ ಸದ್ದಿಲ್ಲದ ಹಳೇ ಮಷಿನ್ ಸಪ್ಪೆ ಅಲ್ವಾ!

ಬರುವವರು ಗುರುವಾರದೊಳಗೆ ಯಾವ ಡ್ರೈವ್, ಕೇಬಲ್ ಇದೆಯಾ ಎಂದು ಇಲ್ಲೇ ಬರೆಯಿರಿ. ಸುಮ್ನೆ ಥಂಬ್ಸ್‌ಅಪ್ ಹಾಕಿದರೆ ಎಷ್ಟು ಪವರ್ ಸಪ್ಲೈ ಹೊಂದಿಸಬೇಕು ಅಂತ ಗೊತ್ತಾಗುವುದಿಲ್ಲ.