ಭಾನುವಾರದ ಚರ್ಚೆ: ಗಿಟಾರ್ ಹಿರಿಯರಿಗೆ ರಾಷ್ಟ್ರೀಯ ಗೌರವ ಬೇಕೇ?

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 6ಕ್ಕೆ ಗುಂಪಿನ ವಾಯ್ಸ್ ಕಾಲ್ ಇದೆ. ವಿಷಯ ಬ್ರಿಟನ್ನಿನದು: ರಾಕ್ ಗಿಟಾರಿನ ಹಿರಿಯರಿಗೆ ರಾಷ್ಟ್ರೀಯ ಗೌರವ ಸಲ್ಲಬೇಕೇ? ಮಾತಾಡುತ್ತೇವೆ ಎಂದು ಹೆಸರು ಕೊಟ್ಟವರು ದಯವಿಟ್ಟು ತಪ್ಪಿಸಬೇಡಿ. ಹೋದ ಸಲ ಕೊನೆಗೆ ಉಳಿದದ್ದು ನಾವಿಬ್ಬರೇ!

ಬರುವ ಮೊದಲು ಇಷ್ಟು ಗಮನದಲ್ಲಿರಲಿ. ಕ್ವೀನ್ ಬ್ಯಾಂಡಿನ ಗಿಟಾರ್ ವಾದಕ ಬ್ರಯಾನ್ ಮೇ ಅವರಿಗೆ 2005ರಲ್ಲಿ ಸಿಬಿಇ ಎಂಬ ರಾಷ್ಟ್ರೀಯ ಗೌರವ ಬಂತು, ಅದಕ್ಕಿಂತ ಮೇಲಿನ ನೈಟ್ ಪದವಿ (‘ಸರ್’ ಬಿರುದು) ಬಂದದ್ದು 2023ರಲ್ಲಿ, 75ರ ವಯಸ್ಸಿಗೆ. 2002ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ತಾರಸಿಯ ಮೇಲೆ ನಿಂತು ರಾಷ್ಟ್ರಗೀತೆ ನುಡಿಸಿದವರು ಇವರೇ. ಲೆಡ್ ಜೆಪ್ಪೆಲಿನ್ ಬ್ಯಾಂಡಿನ ಗಿಟಾರ್ ವಾದಕ ಜಿಮ್ಮಿ ಪೇಜ್ ಅವರಿಗೆ 2005ರಲ್ಲಿ ಸಿಕ್ಕ ಒಬಿಇ (ಸಿಬಿಇಗಿಂತ ಒಂದು ಮೆಟ್ಟಿಲು ಕೆಳಗಿನ ಗೌರವ) ಮಾತ್ರ ಗಿಟಾರಿಗಲ್ಲ, ಬ್ರೆಜಿಲ್‌ನ ಬಡ ಮಕ್ಕಳಿಗಾಗಿ ಮಾಡಿದ ಕೆಲಸಕ್ಕೆ. ನನ್ನನ್ನು ಕಾಡುವುದು ಇದೇ. ಆ ಬೆರಳುಗಳಿಗೇ ಬೆಲೆ ಇಲ್ಲವೇ?

ಬ್ರಿಟನ್ನಿನಲ್ಲಿ ಈ ಗೌರವಗಳಿಗೆ ಯಾರು ಬೇಕಾದರೂ ಹೆಸರು ಸೂಚಿಸಬಹುದು, ಬೆಂಬಲದ ಪತ್ರ ಕನಿಷ್ಠ ಎರಡು ಬೇಕು. ತೀರಿಕೊಂಡವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ; ಹಾಗಾಗಿ ತಡವಾದರೆ ಅವಕಾಶ ಹೋದಂತೆಯೇ.

ಶುಕ್ರವಾರ ರಾತ್ರಿಯೊಳಗೆ ‘ಬೇಕು’ ಅಥವಾ ‘ಬೇಡ’ ಎಂದು ಇಲ್ಲೇ ಬರೆಯಿರಿ, ಜೊತೆಗೆ ನಿಮ್ಮ ಆಯ್ಕೆಯ ಒಬ್ಬರ ಹೆಸರೂ ಇರಲಿ. ಬರೀ ಹೆಬ್ಬೆರಳು ಒತ್ತಿದರೆ ನೀವು ಯಾವ ಕಡೆ ಎಂದು ನನಗೆ ತಿಳಿಯುವುದಿಲ್ಲ. ಹಾಡಿನ ಲಿಂಕ್‌ಗಳನ್ನು ಕಾಲ್ ಮುಗಿದ ಮೇಲೆ ಹಾಕಿ.