ಜೀರಿಗಿ ಅಲ್ಲ, ಜಿರಾ: ತಮ್ಮಗ ಕಾಕಾನ ಪತ್ರ

ಬೀದರ್

ಚಿರಂಜೀವಿ ತಮ್ಮಗ ಕಾಕಾನ ಆಶೀರ್ವಾದ.

ಐದು ಟೀಮಿನ ಕೆಲಸ ನಿನ್ನ ಕೊರಳಿಗೆ ಬಿದ್ದದ ಅಂತ ನಿಮ್ಮವ್ವ ಹೇಳಿದ್ರು. ಹಗಲೂ ರಾತ್ರಿ ಜಿರಾ ಜಿರಾ ಅಂತಾನ, ಜೀರಿಗಿ ವ್ಯಾಪಾರ ಹಿಡಿದಾನೇನು ಅಂತ ನಿಮ್ಮಜ್ಜಿ ಕೇಳ್ಯಾಳ. ಅದು ಟೀಮಿನ ಕೆಲಸದ ಲೆಕ್ಕ ಇಡೋ ಸಾಫ್ಟ್‌ವೇರು, ಸಿನೆಮಾದ ದೈತ್ಯ ಗಾಡ್ಜಿಲ್ಲಾಕ್ಕ ಜಪಾನದಾಗ ಗೊಜಿರಾ ಅಂತಾರ, 2002ರಾಗ ಸಿಡ್ನಿಯ ಅಟ್ಲಾಸಿಯನ್‌ದವರು ಅದರಾಗಿಂದೇ ಆ ಹೆಸರು ತೆಗೆದ್ರು ಅಂದೆ. ನಂಬಲಿಲ್ಲ.

ನೀ ಕಳಿಸಿದ ಸ್ಕ್ರೀನ್‌ಶಾಟ್ ನೋಡಿದೆ. ಹೊಸ ಪ್ರಾಜೆಕ್ಟ್ ತೆಗೆದು ಎಲ್ಲಾರ ಟಿಕೆಟ್ಟೂ, ಅಂದ್ರ ಒಂದೊಂದು ಕೆಲಸದ ಚೀಟಿನೂ, ಅದರಾಗ ಸುರಿದೀ. ಮೊದಲ ಸಲ ನಾನೂ ಹಂಗೇ ಮಾಡಿದ್ದೆ. ಹದಿನೈದು ದಿನದಾಗ ಟೀಮಿನವರು ಟಿಕೆಟ್ ಸಾಲಾಗಿ ಕಾಣೋ ತಮ್ಮ ತಮ್ಮ ಹಳೇ ಬೋರ್ಡಿಗೆ ವಾಪಸ್ ಹೋದ್ರು, ನನ್ನ ಬೋರ್ಡ್ ನಾ ಒಬ್ಬನೇ ನೋಡ್ತಿದ್ದೆ. ಶುಕ್ರವಾರ ಸಂಜೀಕ ಕೂತು ಎರಡನ್ನೂ ತಾಳೆ ನೋಡೋ ಕಾರಕೂನಕಿ ನನ್ನ ಪಾಲಿಗೆ ಬಂತು.

ಅವರ ಟಿಕೆಟ್ ಅವರ ಮನ್ಯಾಗೇ ಇರಲಿ. ಒಂದು ಎಪಿಕ್ಕಿನ, ಅಂದ್ರ ದೊಡ್ಡ ಕೆಲಸದ, ಕೆಳಗ ಬ್ಯಾರೆ ಬ್ಯಾರೆ ಪ್ರಾಜೆಕ್ಟಿನ ಸ್ಟೋರಿ, ಅಂದ್ರ ಅದರ ತುಂಡು ಕೆಲಸ, ಸೇರಸ್ಲಿಕ್ಕೆ ಬರ್ತದ. ಸ್ಟೋರಿಯ ಮರಿ ಕೆಲಸ ಸಬ್‌ಟಾಸ್ಕ್ ಮಾತ್ರ ತನ್ನ ಸ್ಟೋರಿ ಇರೋ ಪ್ರಾಜೆಕ್ಟ್ ಬಿಟ್ಟು ಹೊರಗ ಹೋಗಂಗಿಲ್ಲ, ಹಂಗಾಗಿ ಇನ್ನೊಂದು ಟೀಮಿನ ಕೆಲಸಕ್ಕ ಸಬ್‌ಟಾಸ್ಕ್ ತೆಗೀಬ್ಯಾಡ. ಎಲ್ಲಾ ಒಂದೇ ಕಡೆ ಕಾಣಬೇಕಂದ್ರ ಬೇಕಾದ ಟಿಕೆಟ್ ಹುಡುಕಿ ಕೊಡೋ ಫಿಲ್ಟರ್ ಬರೆದು ಅದರ ಮ್ಯಾಲ ಬೋರ್ಡ್ ಕಟ್ಟಿಕೋ. ಟಿಕೆಟ್ಟಿಗೆ ಹಚ್ಚೋ ಲೇಬಲ್ ನಂಬಬ್ಯಾಡ. ಅದನ್ನ ಯಾರು ಬೇಕಾದ್ರೂ ಹುಟ್ಟಿಸಬಹುದು. ನಮ್ಮ ಲೇಬಲ್ಲಿನಾಗ ಮೈಗ್ರೇಶನ್ ಅನ್ನೋ ಒಂದು ಮಾತಿಗೆ ನಾಲ್ಕು ಸ್ಪೆಲ್ಲಿಂಗ್ ಇದ್ವು.

ಇದೆಲ್ಲಾ ಕೈ ತಿರುಗಿದಂಗ ತಾನೇ ಬರ್ತದ. ನನಗ ಚಿಂತಿ ಇರೋದು ಕೆಲಸ ಮುಗೀತು ಅನ್ನೋ ನಿನ್ನ ‘ಡನ್’ ಕಾಲಮ್ಮಿಂದು.

ನಾ ಇದ್ದ ಒಂದು ಕಂಪನಿಯಾಗ, ಹೆಸರು ಬ್ಯಾಡ, ಹಳೇ ಗ್ರಾಹಕರ ದಾಖಲೆ ಹೊಸ ಸಿಸ್ಟಮ್ಮಿಗೆ ಸಾಗಿಸೋದಿತ್ತು. ಶನಿವಾರ ರಾತ್ರಿ ಹನ್ನೊಂದಕ್ಕ ಮುಹೂರ್ತ. ಬೋರ್ಡ್ ಪೂರಾ ಹಸಿರು, ಎಲ್ಲಾ ಡನ್. ಶುರು ಮಾಡಿ ಇಪ್ಪತ್ತು ನಿಮಿಷಕ್ಕ ಡೇಟಾ ಟೀಮಿನ ಹುಡುಗಿ ಕೇಳಿದಳು, ಎಪಿಐ ಎಲ್ಲದ? ಎಪಿಐ ಅಂದ್ರ ಒಂದು ಸಿಸ್ಟಮ್ ಇನ್ನೊಂದರ ಕೂಡ ಮಾತಾಡೋ ದಾರಿ. ಎಪಿಐ ಟೀಮಿನ ಟಿಕೆಟ್ ಮಂಗಳವಾರಾನೇ ಡನ್ ಆಗಿತ್ತು. ಅವರ ಲೆಕ್ಕದಾಗ ಡನ್ ಅಂದ್ರ ಬರೆದ ಕೋಡ್ ಮುಖ್ಯ ಕೋಡಿನಾಗ ಮರ್ಜ್ ಆದದ್ದು. ಪ್ರೊಡಕ್ಷನ್ನಿಗೆ, ಅಂದ್ರ ನಿಜವಾಗಿ ಬಳಸೋ ಸಿಸ್ಟಮ್ಮಿಗೆ, ಹೋಗೋದು ಸೋಮವಾರದ ರಿಲೀಸಿನಾಗ. ನಸುಕಿನ ನಾಲ್ಕರ ತನಕ ಕೂತು ಎಲ್ಲಾ ಹಿಂದಕ್ಕ ತಂದ್ವಿ. ಯಾರ ಮ್ಯಾಲ ಸಿಟ್ಟಾಗಬೇಕು ಹೇಳು, ಒಬ್ಬರೂ ಸುಳ್ಳು ಹೇಳಿರಲಿಲ್ಲ.

ಮೊನ್ನೆ ಚೌಬಾರದ ಹತ್ತಿರ ಬಿದ್ರಿ ಅಂಗಡ್ಯಾಗ ಕೂತಾಗ ಆ ರಾತ್ರಿ ನೆನಪಾತು. ನಿನಗ ಗೊತ್ತದ, ಸತು ತಾಮ್ರ ಕೂಡಿಸಿ ಎರಕ ಹೊಯ್ಯೋನು ಒಬ್ಬ, ಉಳಿ ಹಿಡಿದು ಕೊರಿಯೋನು ಇನ್ನೊಬ್ಬ, ಬೆಳ್ಳಿ ತಂತಿ ಬಡಿದು ಕೂಡ್ಸೋನು ಮತ್ತೊಬ್ಬ. ಕಡೀಕ ಕೋಟೆ ಮಣ್ಣು, ನವಸಾಗರ ಹಚ್ಚಿ ತಿಕ್ಕಿದ್ರ ಸತು ಕಪ್ಪಾಗ್ತದ, ಬೆಳ್ಳಿ ಬೆಳ್ಳಗೇ ಉಳೀತದ. ಕೊರೆಯೋ ಹುಡುಗ ಹೂಜಿ ಮುಂದಕ್ಕ ಸರಿಸಿ ಚಹಾಕ್ಕಂತ ಎದ್ದ. ಬೆಳ್ಳಿ ಕೂಡ್ಸೋ ಮುದುಕ ತಂತಿ ಮುಟ್ಟಲೇ ಇಲ್ಲ. ಮೊದಲು ಗೆರ್ಯಾಗ ಉಗುರು ಎಳೆದ. ಒಂದು ಹೂವಿನ ಎಸಳಿನಾಗ ಆಳ ಸಾಲದು, ಅಲ್ಲಿ ಬೆಳ್ಳಿ ನಿಲ್ಲಂಗಿಲ್ಲ. ಸೀಮೆಸುಣ್ಣದ ಚುಕ್ಕಿ ಇಟ್ಟು ಹೂಜಿ ವಾಪಸ್ ತಳ್ಳಿದ. ಹುಡುಗ ಚಹಾ ಬಿಟ್ಟು ತಿರುಗಿ ಕೂತ.

ನೀನೂ ಹಂಗೇ ಮಾಡು. ಒಂದು ಟೀಮ್ ಇನ್ನೊಂದಕ್ಕ ಕಾಯ್ತಿದ್ರ ಆ ಎರಡು ಟಿಕೆಟ್ ನಡುವ ‘ಬ್ಲಾಕ್ಸ್’ ಲಿಂಕ್ ಹಾಕು. ಕೆಳಗ ಒಂದು ಸಾಲು ಬರೆಸು: ಇದನ್ನ ಯಾರು ತಗೋತಾರ, ಪರೀಕ್ಷಾ ಮಾಡೋ ಸ್ಟೇಜಿಂಗ್‌ನಾಗೋ ಪ್ರೊಡಕ್ಷನ್ನಿನಾಗೋ ಎಲ್ಲಿ ಓಡಿಸಿ ನೋಡ್ತಾರ. ಅಡ್ಮಿನ್‌ಗ ದುಂಬಾಲು ಬಿದ್ದಾದ್ರೂ ಡನ್‌ಗಿಂತ ಮೊದಲು ‘ಕೊಟ್ಟದ್ದು’ ಅಂತ ಒಂದು ಸ್ಟೇಟಸ್ ಮಾಡಿಸು. ಅಲ್ಲಿಂದ ಡನ್‌ಗ ಸರಿಸೋನು ತಗೊಂಡವನೇ ಆಗಬೇಕು. ಟೀಮಿನ ಒಳಗಿನ ಟಿಕೆಟ್ಟಿಗೆಲ್ಲಾ ಇದನ್ನ ಹೇರಿದ್ರ ಜನ ನಿನ್ನ ಮಾರಿ ನೋಡಂಗಿಲ್ಲ. ಟೀಮಿನ ಗಡಿ ದಾಟೋ ಟಿಕೆಟ್ಟಿಗೆ ಅಷ್ಟೇ. ಮುನ್ನೂರು ಟಿಕೆಟ್ಟಿನಾಗ ಅಂಥವು ಮೂವತ್ತು ಸಿಕ್ಕಾವು. ದಿನಾ ಮುಂಜಾನೆ ಅವನ್ನ ನೋಡು, ಎರಡು ದಿನ ಅಲುಗದೇ ನಿಂತಿದ್ದಕ್ಕ ಕಾಮೆಂಟ್ ಬರೀಬ್ಯಾಡ, ಫೋನ್ ಹಚ್ಚು.

ಮುಂದಿನ ಸಲ ಬೋರ್ಡಿನ ಫೋಟೋ ಬ್ಯಾಡ, ಆ ಮೂವತ್ತರ ಪಟ್ಟಿ ಕಳಿಸು. ಅಕ್ಷರ ದೊಡ್ಡವು ಇರಲಿ, ಎಡಗಣ್ಣಿನ ಪೊರೆ ತೆಗಸೋದು ಇನ್ನೂ ಬಾಕಿ ಅದ.

ನಿನ್ನ ಕಾಕಾ